ಹಿಮದ ನಾಡಿನಿಂದ ಬಂದವರಿಗೆ ಕಾಸರಗೋಡಿನ ಚಳಿ ಯಾಕೆ ತಾಗುತ್ತದೆ?

ಕೆನಡಾದ ವಿನ್ನಿಪೆಗ್‌ನಲ್ಲಿ ಜನವರಿಯ ಸರಾಸರಿ ತಾಪಮಾನ ಸೊನ್ನೆಗಿಂತ ಸುಮಾರು 16 ಡಿಗ್ರಿ ಕೆಳಗಿರುತ್ತದೆ. ಕಾಸರಗೋಡು ಪೇಟೆಯಲ್ಲಿ ಅದೇ ತಿಂಗಳು, ದಿನದ ಅತಿ ತಣ್ಣಗಿನ ಹೊತ್ತಾದ ಬೆಳಗಿನ ಜಾವದಲ್ಲೂ, ತಾಪಮಾನ 20–21 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಲೆಕ್ಕ ಹಾಕಿದರೆ ಅಲ್ಲಿಂದ ಇಲ್ಲಿಗೆ ಬಂದವರಿಗೆ ಚಳಿ ಎಂಬುದೇ ಮರೆತುಹೋಗಬೇಕು. ಆದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಹೀಗೆ ಮರಳಿ ಬಂದ ಕುಟುಂಬಗಳನ್ನು ವಿಚಾರಿಸಿ ನೋಡಿ. ಮೊದಲ ಡಿಸೆಂಬರಿನಲ್ಲಿ ಹಗಲು ಹನ್ನೊಂದರ ಬಿಸಿಲಿಗೆ ತಲೆ ಹಿಡಿದು ಕೂತವರೇ ಬೆಳಗಿನ ಜಾವ ಹೊದಿಕೆ ಹುಡುಕಿರುತ್ತಾರೆ. ಒಂದೆರಡು ವರ್ಷ ಕಳೆದ ಮೇಲಂತೂ ಊರವರ ಹಾಗೆಯೇ ಕಿವಿಗೆ ಮಫ್ಲರ್ ಸುತ್ತಿಕೊಂಡು ಡೈರಿಗೆ ಹಾಲು ಕೊಡಲು ಹೊರಡುತ್ತಾರೆ. ‘ಅಷ್ಟು ಹಿಮ ಕಂಡವರಿಗೆ ಇದೆಂಥ ಚಳಿ?’ ಎಂದು ನೆಂಟರು ಕೇಳಿದರೆ ಹೇಳಲು ಉತ್ತರವಿಲ್ಲ, ಸಣ್ಣ ಸಂಕೋಚ ಬೇರೆ.

ಸಂಕೋಚಪಡಬೇಕಾದ್ದು ಏನೂ ಇಲ್ಲ. ಅವರ ಮೈ ಹೇಳುತ್ತಿರುವುದು ಸರಿಯಾಗಿಯೇ ಇದೆ. ತಾಪಮಾಪಕ ಅಳೆಯುವುದು ಗಾಳಿಯ ಬಿಸಿಯನ್ನು; ನಮಗೆ ಚಳಿ ಅನ್ನಿಸುವುದು ದೇಹದ ಶಾಖ ಎಷ್ಟು ಬೇಗ ಹೊರಗೆ ಹೋಗುತ್ತಿದೆ ಎಂಬುದರ ಮೇಲೆ. ಇವೆರಡೂ ಒಂದೇ ಎಂದು ಭಾವಿಸಿದ್ದರಿಂದಲೇ ಗೊಂದಲ ಹುಟ್ಟುತ್ತದೆ.

ಸುಮ್ಮನೆ ಕುಳಿತ ಒಬ್ಬ ವಯಸ್ಕರ ದೇಹ ಸುಮಾರು 100 ವಾಟ್‌ನಷ್ಟು ಶಾಖವನ್ನು ಸದಾ ಹುಟ್ಟಿಸುತ್ತಿರುತ್ತದೆ. ಒಳಗಿನ ತಾಪಮಾನ 37 ಡಿಗ್ರಿಯ ಸುತ್ತಲೇ ನಿಲ್ಲಬೇಕಾದರೆ ಹುಟ್ಟಿದಷ್ಟೇ ಶಾಖ ಹೊರಗೆ ಹೋಗಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಅದು ಹೋಗುವ ದಾರಿಗಳು ನಾಲ್ಕು. ಚರ್ಮಕ್ಕೆ ತಾಗಿ ಹರಿಯುವ ಗಾಳಿ ಒಂದಿಷ್ಟನ್ನು ಒಯ್ಯುತ್ತದೆ. ತಣ್ಣಗಿನ ನೆಲ, ಕಲ್ಲು, ನೀರು ಮುಟ್ಟಿದರೆ ನೇರವಾಗಿ ಹೋಗುತ್ತದೆ. ಬೆವರೋ ನೀರೋ ಆರುವಾಗ ಹೋಗುತ್ತದೆ. ನಾಲ್ಕನೆಯದು ಕಣ್ಣಿಗೆ ಕಾಣದ ವಿಕಿರಣ: ಮೈ ತನ್ನ ಸುತ್ತಲಿನ ಗೋಡೆ, ಮಾಡು, ಆಕಾಶ ಎಲ್ಲದರತ್ತ ಶಾಖವನ್ನು ಸೂಸುತ್ತಲೇ ಇರುತ್ತದೆ. ಬಟ್ಟೆಯಿಲ್ಲದ ಮೈ ಸಮತೋಲದಲ್ಲಿ ಇರಬೇಕಾದರೆ ಸುತ್ತಲಿನ ಗಾಳಿ 28–30 ಡಿಗ್ರಿ ಇರಬೇಕು. ಅಂದರೆ 21 ಡಿಗ್ರಿ ಎಂಬುದು ಮನುಷ್ಯನ ಬರಿಮೈಗೆ ನಿಜವಾಗಿಯೂ ಚಳಿಯೇ.

ಇದಕ್ಕೊಂದು ಸೊಗಸಾದ ಅಳತೆ ಇದೆ. ಬಟ್ಟೆ ಎಷ್ಟು ಶಾಖ ತಡೆಯುತ್ತದೆ ಎಂಬುದನ್ನು ಅಳೆಯಲು 1941ರಲ್ಲಿ ‘ಕ್ಲೋ’ ಎಂಬ ಮಾನ ಬಳಕೆಗೆ ಬಂತು. ಗಾಳಿ ಹೆಚ್ಚು ಅಲುಗದ 21 ಡಿಗ್ರಿಯ ಕೋಣೆಯಲ್ಲಿ ಸುಮ್ಮನೆ ಕುಳಿತ ವ್ಯಕ್ತಿಗೆ ಹಿತವೆನಿಸಲು ಎಷ್ಟು ಬಟ್ಟೆ ಬೇಕೋ ಅದು ಒಂದು ಕ್ಲೋ. ಬಟ್ಟೆಯ ಲೆಕ್ಕದಲ್ಲಿ ಅದು ಒಂದು ಪೂರ್ಣ ಸೂಟ್: ಅಂಗಿ, ಪ್ಯಾಂಟ್, ಕೋಟು, ಕಾಲುಚೀಲ, ಶೂ. ಈಗ ಧನು ತಿಂಗಳ ಮುಂಜಾನೆ ಮುಂಡು ಉಟ್ಟು, ಹೆಗಲಿಗೊಂದು ಬೈರಾಸು ಹಾಕಿ ಜಗಲಿಯಲ್ಲಿ ಕೂತವರನ್ನು ನೆನೆಯಿರಿ. ಅದೇ 21 ಡಿಗ್ರಿ, ಆದರೆ ಮೈಮೇಲಿರುವುದು ಕಾಲು ಕ್ಲೋ ಕೂಡ ಇರಲಿಕ್ಕಿಲ್ಲ. ಅವರು ಮೈ ಮುದುಡಿ ಕೂರುವುದರಲ್ಲಿ ಆಶ್ಚರ್ಯವೇನಿದೆ?

ವಿನ್ನಿಪೆಗ್‌ನಲ್ಲಿದ್ದವರು ಮೈನಸ್ 16ರಲ್ಲಿ ‘ಬದುಕಿದ್ದರು’ ಎಂಬ ಮಾತನ್ನೂ ಸ್ವಲ್ಪ ತಿದ್ದಬೇಕು. ಅವರು ಬದುಕಿದ್ದು 20–21 ಡಿಗ್ರಿಯ ಕೋಣೆಗಳಲ್ಲಿ. ಮನೆ, ಕಾರು, ಕಚೇರಿ, ಅಂಗಡಿ, ಶಾಲೆ ಎಲ್ಲವೂ ಯಂತ್ರದಿಂದ ಬೆಚ್ಚಗಾದವು. ಗೋಡೆಯೊಳಗೆ ಶಾಖ ತಡೆಯುವ ದಪ್ಪ ಪದರ, ಕಿಟಕಿಗೆ ಎರಡು ಅಥವಾ ಮೂರು ಗಾಜು, ನೆಲಕ್ಕೆ ಮರ ಅಥವಾ ಜಮಖಾನೆ. ಹೊರಗೆ ಕಾಲಿಡುವ ಮುನ್ನ ಮೈಮೇಲೆ ಮೂರು ನಾಲ್ಕು ಕ್ಲೋ ಬಟ್ಟೆ. ಚಳಿಯಲ್ಲಿ ಬರಿಮುಖಕ್ಕೆ ಗಾಳಿ ಹೊಡೆಯುವುದು ಕಾರು ನಿಲ್ಲಿಸಿದಲ್ಲಿಂದ ಬಾಗಿಲ ತನಕ. ಕಾಸರಗೋಡಿನ ಮನೆಯಲ್ಲಿ ಹಾಗಲ್ಲ. ಹೊರಗೆ 21 ಡಿಗ್ರಿಯಾದರೆ ಒಳಗೂ ಹೆಚ್ಚು ವ್ಯತ್ಯಾಸವಿಲ್ಲ. ಚಳಿಯೊಡನೆ ಮಲಗಿ ಚಳಿಯೊಡನೆಯೇ ಏಳಬೇಕು. ನಮ್ಮ ಹಳೆಯ ಮನೆಗಳನ್ನು ಕಟ್ಟಿದ್ದೇ ಶಾಖವನ್ನು ಹೊರಗೆ ಕಳಿಸಲು. ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ, ಗೋಡೆಯ ಮೇಲ್ತುದಿಯಲ್ಲಿ ಗಾಳಿಕಿಂಡಿ ತೆರೆದೇ ಇರುತ್ತದೆ, ನೆಲ ಕಾವಿಯದ್ದೋ ಸಿಮೆಂಟಿನದ್ದೋ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿದು, ಉಳಿದ ಕಾಲ ಸೆಕೆಯಲ್ಲಿ ಬೇಯುವ ನೆಲದಲ್ಲಿ ಅದು ಜಾಣ ಕಟ್ಟೋಣ. ಡಿಸೆಂಬರಿನ ಕೆಲವು ಬೆಳಗುಗಳಿಗಾಗಿ ಯಾರೂ ಮನೆ ಕಟ್ಟುವುದಿಲ್ಲ.

ನೆಲದ ವಿಷಯ ಸಣ್ಣದಲ್ಲ. ಸಿಮೆಂಟಿನ ನೆಲವೂ ಅದರ ಮೇಲೆ ಹಾಸಿದ ಚಾಪೆಯೂ ಒಂದೇ ತಾಪಮಾನದಲ್ಲಿರುತ್ತವೆ. ಆದರೂ ಚಾಪೆ ಬೆಚ್ಚಗೆ, ನೆಲ ತಣ್ಣಗೆ ಅನ್ನಿಸುತ್ತದೆ. ಸಿಮೆಂಟ್, ಗ್ರಾನೈಟ್, ಟೈಲ್ಸ್ ಅಂಗಾಲಿನ ಶಾಖವನ್ನು ಬಹಳ ಬೇಗ ಎಳೆದುಕೊಂಡು ಒಳಕ್ಕೆ ಸಾಗಿಸುತ್ತವೆ. ಚಾಪೆಯ ಹುಲ್ಲೂ ಅದರ ನಡುವಿನ ಗಾಳಿಯೂ ಹಾಗೆ ಮಾಡಲಾರವು. ನಮ್ಮ ಮನೆಗಳಲ್ಲಿ ಬರಿಗಾಲಲ್ಲಿ ನಡೆಯುವುದೇ ರೂಢಿ. ಮರಳಿ ಬಂದವರು ಮೊದಲ ವಾರ ‘ಕಾಲು ಜುಮುಗುಡುತ್ತದೆ’ ಎನ್ನುವುದಕ್ಕೆ ಇದೇ ಕಾರಣ.

ಚರ್ಮ ತಾಪಮಾಪಕದಂತೆ ಕೆಲಸ ಮಾಡುವುದಿಲ್ಲ ಎಂಬುದನ್ನು ನೋಡಬೇಕಾದರೆ ಬಾವಿಕಟ್ಟೆಗೆ ಹೋಗಬೇಕು. ನಮ್ಮ ಕಡೆಯ ಆಳವಾದ ಬಾವಿಯ ನೀರು, ಬಾಯಾರು ಎಣ್ಮಕಜೆ ಕಡೆ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರು, ವರ್ಷವಿಡೀ ಹೆಚ್ಚುಕಡಿಮೆ ಒಂದೇ ತಾಪಮಾನದಲ್ಲಿರುತ್ತವೆ. ಮಣ್ಣಿನ ಆಳಕ್ಕೆ ದಿನದ ಬಿಸಿಯೂ ಮುಟ್ಟುವುದಿಲ್ಲ, ರಾತ್ರಿಯ ತಂಪೂ ಮುಟ್ಟುವುದಿಲ್ಲ. ಊರಿನ ವಾರ್ಷಿಕ ಸರಾಸರಿಯ ಹತ್ತಿರ, ಅಂದರೆ 27 ಡಿಗ್ರಿಯ ಆಸುಪಾಸಿನಲ್ಲಿ ನೀರು ನಿಲ್ಲುತ್ತದೆ. ಡಿಸೆಂಬರಿನ ಮುಂಜಾನೆ ಕೊಡಪಾನ ಮೇಲೆ ಬಂದಾಗ ಆ ನೀರು ಬೆಚ್ಚಗೆ. ಅದೇ ದಿನ ಮಧ್ಯಾಹ್ನ ತೋಟದಿಂದ ಬೆವರಿ ಬಂದು ಮುಖಕ್ಕೆ ಎರಚಿಕೊಂಡರೆ ತಣ್ಣಗೆ. ನೀರು ಬದಲಾಗಿಲ್ಲ. ಚರ್ಮದಲ್ಲಿರುವ ತಂಪಿನ ಸಂವೇದಕಗಳು ತಮ್ಮ ಈಚಿನ ಸ್ಥಿತಿಗಿಂತ ಏನು ಬದಲಾಯಿತು ಎಂಬುದಕ್ಕೆ ಹೆಚ್ಚು ತೀವ್ರವಾಗಿ ಸ್ಪಂದಿಸುತ್ತವೆ. ಬಿಸಿ ಮತ್ತು ಸ್ಪರ್ಶವನ್ನು ಮೈ ಹೇಗೆ ಗುರುತಿಸುತ್ತದೆ ಎಂದು ತೋರಿಸಿಕೊಟ್ಟ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರ ವೈದ್ಯಶಾಸ್ತ್ರದ ನೊಬೆಲ್ ಬಂತು. ತಂಪಿಗೆ ಎಚ್ಚರಗೊಳ್ಳುವ ಸಂವೇದಕವನ್ನು ಪೆಪ್ಪರ್‌ಮಿಂಟಿನ ಮೆಂಥಾಲ್ ಕೂಡ ಎಬ್ಬಿಸುತ್ತದೆ. ಅದನ್ನು ಬಾಯಿಗೆ ಹಾಕಿದಾಗ ತಂಪೆನಿಸುವುದು ಬಾಯಿ ತಣ್ಣಗಾದ್ದರಿಂದ ಅಲ್ಲ.

ಧನುಪೂಜೆಗೆಂದು ನಸುಕಿನಲ್ಲಿ ದೇವಸ್ಥಾನದ ಕೆರೆಯಲ್ಲಿ ಮುಳುಗಿದವರಿಗೆ ಇದರ ಇನ್ನೊಂದು ಮುಖ ಗೊತ್ತು. ನೀರಿನೊಳಗೆ ಇರುವಷ್ಟು ಹೊತ್ತು ಹಿತವಾಗಿರುತ್ತದೆ, ಮೆಟ್ಟಿಲು ಹತ್ತಿದ ಕೂಡಲೇ ಹಲ್ಲು ಕಟಕಟ ಎನ್ನುತ್ತದೆ. ಒಂದು ಗ್ರಾಂ ನೀರು ಮೈಮೇಲಿಂದ ಆವಿಯಾಗಲು ಸುಮಾರು 580 ಕ್ಯಾಲರಿ ಶಾಖ ಬೇಕು, ಅದರಲ್ಲಿ ಹೆಚ್ಚಿನ ಪಾಲು ಚರ್ಮದಿಂದಲೇ ಹೋಗುತ್ತದೆ. ಒದ್ದೆ ಪಂಚೆಯಲ್ಲಿ ಗಾಳಿಗೆ ನಿಂತವರು ಕ್ಷಣಕ್ಷಣಕ್ಕೂ ಶಾಖ ಕಳೆದುಕೊಳ್ಳುತ್ತಿರುತ್ತಾರೆ. ಹಿಮದ ನಾಡಿನಲ್ಲಿ ತಲೆಗೂದಲು ಒದ್ದೆಯಿರುವಾಗ ಯಾರೂ ಹೊರಗೆ ಹೋಗುವುದಿಲ್ಲ. ಇಲ್ಲಿ ಅದು ದಿನದ ಮೊದಲ ಕೆಲಸ.

ನಾಲ್ಕನೆಯ ದಾರಿಯಾದ ವಿಕಿರಣಕ್ಕೆ ನಮ್ಮಲ್ಲಿ ಸಾಕ್ಷಿ ಇಬ್ಬನಿ. ಮಳೆ ಸಂಪೂರ್ಣ ನಿಂತು, ನವೆಂಬರ್ ಕೊನೆಗೆ ಆಕಾಶ ತಿಳಿಯಾದ ಮೇಲೆ, ನೆಲದ ಶಾಖಕ್ಕೆ ಮೋಡದ ತಡೆ ಇರುವುದಿಲ್ಲ. ಎಲೆ, ಹುಲ್ಲು, ಕಾರಿನ ಮಾಡು, ಅಂಗಳದ ಅಡಿಕೆ ಎಲ್ಲವೂ ರಾತ್ರಿಯಿಡೀ ಆಕಾಶದತ್ತ ಶಾಖ ಸೂಸಿ ಗಾಳಿಗಿಂತಲೂ ತಣ್ಣಗಾಗುತ್ತವೆ, ಅವುಗಳ ಮೇಲೆ ನೀರು ಕೂರುತ್ತದೆ. ಅಂಗಳದ ಮಧ್ಯೆ ನಿಲ್ಲಿಸಿದ ಕಾರು ಬೆಳಗ್ಗೆ ತೊಯ್ದಿರುತ್ತದೆ. ಮಾವಿನ ಮರದಡಿಯದ್ದು ಒಣಗಿಯೇ ಇರುತ್ತದೆ, ಮರದ ಎಲೆಗಳು ಅದಕ್ಕೂ ಆಕಾಶಕ್ಕೂ ನಡುವೆ ಅಡ್ಡ ನಿಂತಿರುತ್ತವೆ. ಚಾಲಿ ಅಡಿಕೆ ಒಣಗಲು ತಿಂಗಳಿಗೂ ಮಿಕ್ಕಿ ಬಿಸಿಲು ಬೇಕು. ಆ ದಿನಗಳಲ್ಲಿ ಇಬ್ಬನಿಯಿಂದ ಅದನ್ನು ಕಾಪಾಡಲು ಪಡುವ ಪಾಡು ಅಡಿಕೆ ಮನೆಯವರಿಗಷ್ಟೇ ಗೊತ್ತು. ಈ ನಿಯಮ ಮನುಷ್ಯನ ಮೈಗೂ ಅನ್ವಯಿಸುತ್ತದೆ. ಕುಂಬಳೆ ಸೀಮೆಯಲ್ಲಿ ಯಕ್ಷಗಾನ ಬಯಲಾಟ, ಭೂತಕೋಲ, ಕಳಿಯಾಟ ಎಲ್ಲವೂ ಈ ತಿಂಗಳುಗಳಲ್ಲೇ ನಡೆಯುತ್ತವೆ. ಗದ್ದೆಯಲ್ಲಿ ತೆರೆದ ಆಕಾಶದಡಿ ನಡುರಾತ್ರಿ ದಾಟಿ ಕೂತವರು ಶಾಲು ಹೊದ್ದು ತಲೆಗೆ ಬೈರಾಸು ಕಟ್ಟಿರುತ್ತಾರೆ. ಚಪ್ಪರದಡಿ ಕೂತವರಿಗೆ ಅಷ್ಟು ಬೇಕಾಗುವುದಿಲ್ಲ. ಗಾಳಿ ಇಬ್ಬರಿಗೂ ಒಂದೇ. ತಲೆಯ ಮೇಲೆ ಏನಿದೆ ಎಂಬುದಷ್ಟೇ ಬೇರೆ. ವಿದೇಶದಿಂದ ಬಂದ ಮಕ್ಕಳನ್ನು ಆಟ ನೋಡಲು ಕರೆದೊಯ್ಯುವಾಗ ಟೊಪ್ಪಿಯೊಂದನ್ನು ಚೀಲಕ್ಕೆ ಹಾಕಿಕೊಳ್ಳುವುದು ಒಳ್ಳೆಯದು.

ಜಿಲ್ಲೆಯೊಳಗೆ ಚಳಿ ಎಲ್ಲೆಡೆ ಸಮನಾಗಿಲ್ಲ. ಕಡಲಿನ ನೀರು ಚಳಿಗಾಲದಲ್ಲೂ ಸುಮಾರು 28 ಡಿಗ್ರಿ ಇರುವುದರಿಂದ ಮಂಜೇಶ್ವರ, ಕುಂಬಳೆ, ಕಾಸರಗೋಡು ಪೇಟೆಗಳ ರಾತ್ರಿ ಹೆಚ್ಚು ತಣ್ಣಗಾಗುವುದಿಲ್ಲ. ಒಳನಾಡಿಗೆ ಹೋದಂತೆ, ಅಡೂರು, ದೇಲಂಪಾಡಿ, ಪನತ್ತಡಿಯ ಕಡೆ, ಚಳಿ ಏರುತ್ತದೆ. ಅದರಲ್ಲೂ ಗುಡ್ಡೆಯ ಮೇಲಿನ ಮನೆಗಿಂತ ಕೆಳಗಿನ ತೋಟದ ಮನೆಗೆ ಚಳಿ ಜಾಸ್ತಿ. ತಣ್ಣಗಾದ ಗಾಳಿ ಭಾರ. ಅದು ಮುರಕಲ್ಲಿನ ಬೋಳುಗುಡ್ಡೆಗಳಿಂದ ನಿಧಾನವಾಗಿ ಜಾರಿ ಅಡಿಕೆ ತೋಟ, ಗದ್ದೆಗಳಿರುವ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ನಸುಕಿನಲ್ಲಿ ಬೈಕಿನಲ್ಲಿ ಹೋಗುವವರಿಗೆ ಇದು ಕೈಗೆ ಸಿಗುವಷ್ಟು ಸ್ಪಷ್ಟ. ಗುಡ್ಡೆಯ ರಸ್ತೆಯಲ್ಲಿ ಹಿತವಾಗಿದ್ದ ಗಾಳಿ, ಇಳಿಜಾರು ಮುಗಿದು ಸಂಕದ ಹತ್ತಿರ ಬರುತ್ತಿದ್ದಂತೆ ಮೊಣಕಾಲಿಗೂ ಬೆರಳ ಗಿಣ್ಣಿಗೂ ಒಮ್ಮೆಲೇ ಹೊಡೆಯುತ್ತದೆ. ಮತ್ತೆ ಏರು ಹತ್ತಿದರೆ ಕಡಿಮೆಯಾಗುತ್ತದೆ. ಬೈಕಿನ ವೇಗ ಚರ್ಮಕ್ಕಂಟಿದ ಬೆಚ್ಚನೆಯ ತೆಳುಗಾಳಿಯನ್ನೂ ಕಿತ್ತುಕೊಂಡು ಹೋಗುತ್ತದೆ. ಗಾಳಿಯ ಈ ಹೊಡೆತವನ್ನು ಮೊದಲು ಅಳೆದವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್. 1940ರ ದಶಕದ ಆರಂಭದಲ್ಲಿ, ಅಂಟಾರ್ಕ್ಟಿಕಾದಲ್ಲಿ, ಗಾಳಿಗೆ ಒಡ್ಡಿದ ನೀರು ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿ ಅವರು ಲೆಕ್ಕ ಕಟ್ಟಿದರು.

ಹೆಪ್ಪುಗಟ್ಟುವುದು ಎಂದ ಮೇಲೆ ನಮ್ಮೂರಿನ ಮಟ್ಟಿಗೆ ಹೇಳಬೇಕಾದದ್ದು ತೆಂಗಿನೆಣ್ಣೆ. ಅದು ಗಟ್ಟಿಯಾಗುವುದು ಸುಮಾರು 24 ಡಿಗ್ರಿಯ ಕೆಳಗೆ. ಡಿಸೆಂಬರಿನ ಒಂದು ಬೆಳಗ್ಗೆ ಅಡುಗೆಮನೆಯ ಬಾಟಲಿಯ ತಳದಲ್ಲಿ ಬಿಳಿ ಮಬ್ಬು ಕಾಣಿಸುತ್ತದೆ, ಮತ್ತೆರಡು ದಿನಕ್ಕೆ ಅದು ಮೇಲೇರುತ್ತದೆ, ಆಮೇಲೆ ಬಾಟಲಿ ತಲೆಕೆಳಗೆ ಮಾಡಿದರೂ ಎಣ್ಣೆ ಇಳಿಯುವುದಿಲ್ಲ. ಒಲೆಯ ಪಕ್ಕದಲ್ಲೋ ಬಿಸಿಲಲ್ಲೋ ಇಟ್ಟು ಕಾಯಬೇಕು. ಕಾಯುವ ಹೊತ್ತು ದೀರ್ಘವಾಗಿರುವುದಕ್ಕೂ ಹಿಮ ಕರಗಲು ತಡವಾಗುವುದಕ್ಕೂ ಒಂದೇ ಕಾರಣ: ಗಟ್ಟಿಯಾದದ್ದು ದ್ರವವಾಗಬೇಕಾದರೆ ತಾಪಮಾನ ಏರದೆಯೇ ಬಹಳಷ್ಟು ಶಾಖ ಕುಡಿಯುತ್ತದೆ. ಒಂದು ಕಿಲೋ ಮಂಜುಗಡ್ಡೆ ಕರಗಲು ಬೇಕಾದ ಶಾಖದಿಂದ ಅದೇ ನೀರನ್ನು ಸೊನ್ನೆಯಿಂದ 80 ಡಿಗ್ರಿಯ ತನಕ ಕಾಯಿಸಬಹುದು. ಬೇರೆಲ್ಲೂ ನೋಡಬೇಕಾಗಿಲ್ಲ, ಅಡುಗೆಮನೆಯ ಈ ಬಾಟಲಿಯೇ ಊರಿನ ಚಳಿಗಾಲ ಶುರುವಾದ ದಿನವನ್ನು ಹೇಳುತ್ತದೆ.

ಇಷ್ಟು ಹೊತ್ತು ಮುಂಜಾನೆಯ ಮಾತಾಯಿತು. ಹಗಲಿನ ಕತೆ ಪೂರ್ತಿ ಬೇರೆ, ಹಿಮದ ನಾಡಿನಿಂದ ಬಂದವರನ್ನು ನಿಜಕ್ಕೂ ಕೆಡವುವುದು ಅದೇ. ಅವರ ತಲೆಯಲ್ಲಿ ಜನವರಿಯ ಬಿಸಿಲೆಂದರೆ ಬೆಳಕು ಮಾತ್ರ, ಬಿಸಿಯಿಲ್ಲ. ವಿನ್ನಿಪೆಗ್ ಇರುವುದು 50 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಡಿಸೆಂಬರ್ 21ರ ನಡುಹಗಲಲ್ಲೂ ಅಲ್ಲಿ ಸೂರ್ಯ ದಿಗಂತದಿಂದ 17 ಡಿಗ್ರಿಯಷ್ಟೂ ಮೇಲೇರುವುದಿಲ್ಲ, ಹಗಲು ಎಂಟು ಗಂಟೆಯ ಆಸುಪಾಸು. ಕಾಸರಗೋಡು ಹನ್ನೆರಡೂವರೆ ಡಿಗ್ರಿಯಲ್ಲಿದೆ. ಅದೇ ದಿನ ಇಲ್ಲಿ ಸೂರ್ಯ 54 ಡಿಗ್ರಿ ಎತ್ತರದಲ್ಲಿರುತ್ತಾನೆ, ಹಗಲು ಸುಮಾರು ಹನ್ನೊಂದೂವರೆ ಗಂಟೆ. ಕೋನದ ಲೆಕ್ಕ ಒಂದನ್ನೇ ಹಿಡಿದರೂ ನಡುಹಗಲಲ್ಲಿ ಇಲ್ಲಿನ ನೆಲಕ್ಕೆ ಬೀಳುವ ಬಿಸಿಲು ಅಲ್ಲಿನದಕ್ಕಿಂತ ಮೂರು ಪಟ್ಟಿಗೆ ಹತ್ತಿರ. ಅಲ್ಲಿ ಬಿದ್ದಷ್ಟರಲ್ಲೂ ಹೊಸ ಹಿಮ ಹತ್ತರಲ್ಲಿ ಎಂಟು ಒಂಬತ್ತು ಪಾಲನ್ನು ಆಕಾಶಕ್ಕೇ ಹಿಂದಿರುಗಿಸುತ್ತದೆ. ಇಲ್ಲಿನ ಕೆಂಪು ಮುರಕಲ್ಲು ಬಹುಪಾಲನ್ನು ಹೀರಿಕೊಳ್ಳುತ್ತದೆ. ಚಳಿಗಾಲದಲ್ಲಿ ಭೂಮಿ ಸೂರ್ಯನಿಂದ ದೂರ ಹೋಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ವಾಸ್ತವದಲ್ಲಿ ಜನವರಿಯ ಮೊದಲ ವಾರದಲ್ಲೇ ಭೂಮಿ ಸೂರ್ಯನಿಗೆ ಅತಿ ಹತ್ತಿರ, ಸುಮಾರು 14.7 ಕೋಟಿ ಕಿಲೋಮೀಟರ್, ಜುಲೈಯಲ್ಲಿ 15.2 ಕೋಟಿ. ಋತುಗಳನ್ನು ನಿರ್ಧರಿಸುವುದು ಭೂಮಿಯ ಓರೆ, ದೂರವಲ್ಲ.

ಇದರ ಮೇಲೆ ಮೂಡಣ ಗಾಳಿ. ತುಲಾ ತಿಂಗಳ ಮಳೆ ಮುಗಿದ ಮೇಲೆ ಗಾಳಿ ಪೂರ್ವದಿಂದ, ಘಟ್ಟದ ಆಚೆಯಿಂದ ಬೀಸತೊಡಗುತ್ತದೆ. ಮಡಿಕೇರಿ ಸಾವಿರ ಮೀಟರಿಗೂ ಎತ್ತರದಲ್ಲಿದೆ. ಆ ಎತ್ತರದ ಒಣಗಾಳಿ ಕರಾವಳಿಗೆ ಇಳಿಯುವಾಗ ಒತ್ತಡ ಹೆಚ್ಚಿ, ಪ್ರತಿ 100 ಮೀಟರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿಯಂತೆ ಬಿಸಿಯಾಗುತ್ತದೆ, ಇನ್ನಷ್ಟು ಒಣಗುತ್ತದೆ. ಅದು ಜೋರಾಗಿರುವ ದಿನ ಮಧ್ಯಾಹ್ನ ಬರಬೇಕಾದ ಕಡಲಗಾಳಿಯನ್ನು ತಡೆದು ನಿಲ್ಲಿಸುತ್ತದೆ, ತಾಪಮಾನ ಏರುತ್ತಲೇ ಹೋಗುತ್ತದೆ. ಡಿಸೆಂಬರ್–ಜನವರಿಯಲ್ಲಿ ದೇಶದ ಅತ್ಯಧಿಕ ತಾಪಮಾನ ಕಣ್ಣೂರಿನಲ್ಲೋ ಮಂಗಳೂರಿನಲ್ಲೋ ದಾಖಲಾಯಿತು ಎಂಬ ಸುದ್ದಿ ಆಗಾಗ ಬರುವುದಕ್ಕೆ ಕಾರಣ ಇದು. ನಡುವಿನ ಕಾಸರಗೋಡು ಅದರಿಂದ ಹೊರತಲ್ಲ. ಬೆಳಗ್ಗೆ 21, ಮಧ್ಯಾಹ್ನ 33. ಕೆಲವು ದಿನ ಇನ್ನೂ ಹೆಚ್ಚು. ಒಂದೇ ಹಗಲಿನೊಳಗೆ ಹನ್ನೆರಡು ಡಿಗ್ರಿಯ ಏರಿಳಿತ. ಮಳೆಗಾಲದಲ್ಲಿ ಇದು ಐದಾರು ಡಿಗ್ರಿಯನ್ನು ದಾಟುವುದೇ ಕಷ್ಟ. ಮೈಯನ್ನು ದಣಿಸುವುದು ಈ ಏರಿಳಿತ.

ತುಟಿ, ಹಿಮ್ಮಡಿ ಒಡೆಯುವುದೂ ಇದೇ ಗಾಳಿಯಿಂದ. ಆದರೂ ಹಿಮದ ನಾಡಿನ ಒಣಗುವಿಕೆಯ ಮುಂದೆ ಇದು ಏನೂ ಅಲ್ಲ. ಮೈನಸ್ 20 ಡಿಗ್ರಿಯ ಗಾಳಿ ಒಂದು ಘನಮೀಟರಿಗೆ ಸುಮಾರು ಒಂದು ಗ್ರಾಂ ನೀರಾವಿಯನ್ನಷ್ಟೇ ಹಿಡಿದಿಟ್ಟುಕೊಳ್ಳಬಲ್ಲದು. 21 ಡಿಗ್ರಿಯ ಗಾಳಿ 18 ಗ್ರಾಂ ಹಿಡಿಯುತ್ತದೆ. ಹೊರಗಿನ ಆ ಗಾಳಿಯನ್ನು ಮನೆಯೊಳಗೆ ತಂದು ಕಾಯಿಸಿದರೆ ಆರ್ದ್ರತೆ ಮರುಭೂಮಿಯ ಮಟ್ಟಕ್ಕೆ ಇಳಿಯುತ್ತದೆ. ಅಲ್ಲಿ ಬಾಗಿಲ ಹಿಡಿ ಮುಟ್ಟಿದರೆ ಕರೆಂಟ್ ಹೊಡೆದಂತಾಗುವುದು, ಮಕ್ಕಳಿಗೆ ಮೂಗಿನಲ್ಲಿ ರಕ್ತ ಬರುವುದು ಎಲ್ಲ ಅದರಿಂದ. ಊರಿಗೆ ಬಂದ ಕೆಲವೇ ದಿನಗಳಲ್ಲಿ ಚರ್ಮ ಮೃದುವಾಯಿತು ಎಂದು ಹಲವರು ಹೇಳುವುದು ಸುಳ್ಳಲ್ಲ.

ಇನ್ನು ದೇಹದ ಪಾಠ. ಸೆಕೆಗೆ ಹೊಸಬರಾದವರ ಮೈ ಒಂದರಿಂದ ಎರಡು ವಾರಗಳಲ್ಲಿ ಆಶ್ಚರ್ಯಪಡುವಷ್ಟು ಬದಲಾಗುತ್ತದೆ. ಮೊದಲ ಕೆಲವು ದಿನಗಳಲ್ಲಿ ರಕ್ತದ ದ್ರವಭಾಗ ಹೆಚ್ಚುತ್ತದೆ. ಹಾಗಾಗಿ ಚರ್ಮಕ್ಕೂ ಸ್ನಾಯುವಿಗೂ ಒಟ್ಟಿಗೆ ರಕ್ತ ಒದಗಿಸಲು ಹೃದಯ ಅಷ್ಟು ಒದ್ದಾಡಬೇಕಾಗಿಲ್ಲ. ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಮೊದಲ ವಾರದ ಬೆವರು ಉಪ್ಪುಪ್ಪಾಗಿ ಅಂಗಿಯ ಮೇಲೆ ಬಿಳಿ ಗೆರೆ ಬಿಡುವುದುಂಟು. ತಿಂಗಳು ಕಳೆದರೆ ಆ ಗೆರೆ ಕಡಿಮೆಯಾಗುತ್ತದೆ. ಈ ಕಲಿಕೆ ಆಗಬೇಕಾದರೆ ಮೈಗೆ ಸೆಕೆ ತಾಗಲೇಬೇಕು. ಹಗಲಿಡೀ ಎಸಿ ಕೋಣೆಯಲ್ಲಿ ಕೂತರೆ ತಿಂಗಳಾದರೂ ಮೈ ಕಲಿಯುವುದಿಲ್ಲ. ಸಂಜೆ ನಾಲ್ಕರ ಮೇಲೆ ಒಂದು ಗಂಟೆ ತೋಟದಲ್ಲಿ ಓಡಾಡುವುದರಿಂದ ಆರಂಭಿಸಿ ಸ್ವಲ್ಪಸ್ವಲ್ಪ ಹೆಚ್ಚಿಸಿದರೆ ಸಾಕು.

ಚಳಿಯ ಕಡೆಗೂ ಇಂಥದ್ದೇ ಕಲಿಕೆ ಇದೆ, ಆದರೆ ಹೆಚ್ಚು ಮೆಲ್ಲಗೆ. ಮತ್ತೆಮತ್ತೆ ಚಳಿಗೆ ಒಡ್ಡಿಕೊಂಡವರಿಗೆ ನಡುಕ ತಡವಾಗಿ ಬರುತ್ತದೆ. ಶಾಖ ಹುಟ್ಟಿಸುವುದಕ್ಕೆಂದೇ ಇರುವ ಕಂದು ಕೊಬ್ಬು ಶಿಶುಗಳಲ್ಲಿ ಮಾತ್ರ ಮುಖ್ಯ ಎಂದು ಬಹುಕಾಲ ತಿಳಿಯಲಾಗಿತ್ತು. ವಯಸ್ಕರಲ್ಲೂ ಅದು ಕೆಲಸ ಮಾಡುತ್ತದೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನಗಳು ಖಚಿತಪಡಿಸಿದವು. ಚಳಿಗೆ ಒಡ್ಡಿಕೊಂಡರೆ ಅದು ಚುರುಕಾಗುತ್ತದೆ, ಬಿಟ್ಟರೆ ಮಂಕಾಗುತ್ತದೆ. ಊರಿಗೆ ಮರಳಿದವರು ಒಂದೆರಡು ವರ್ಷದಲ್ಲಿ ಊರವರಂತೆಯೇ ಚಳಿಗೆ ಮುದುಡುವುದು ಹೀಗೆ. ಅವರ ಮೈ ಸೆಕೆಯ ನಾಡಿಗೆ ಒಗ್ಗಿದೆ ಎಂಬುದಕ್ಕೆ ಅದು ಗುರುತು. ನಮ್ಮ ಹವಾಮಾನ ಇಲಾಖೆಯೂ ಎಲ್ಲ ಊರಿಗೂ ಒಂದೇ ಅಂಕಿ ಹಿಡಿಯುವುದಿಲ್ಲ. ಬಯಲು ಪ್ರದೇಶದಲ್ಲಿ ಶೀತಗಾಳಿ ಎನ್ನಲು ಕನಿಷ್ಠ ತಾಪಮಾನ 10 ಡಿಗ್ರಿಗೆ ಇಳಿಯಬೇಕು. ಕರಾವಳಿಯಲ್ಲಿ 15 ಡಿಗ್ರಿ ಮತ್ತು ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಕಡಿಮೆಯಾದರೆ ಸಾಕು. ಬಿಸಿಗಾಳಿಗೂ ಹಾಗೆಯೇ: ಬಯಲಿಗೆ 40, ಕರಾವಳಿಗೆ 37.

ಈ ಲೆಕ್ಕವೆಲ್ಲ ಮನೆಯೊಳಗೆ ಜಗಳವಾಗಿ ಕಾಣಿಸಿಕೊಳ್ಳುವುದು ಅಜ್ಜಿ ಮತ್ತು ಮೊಮ್ಮಕ್ಕಳ ನಡುವೆ. ಬೆಳಗ್ಗೆ ಆರಕ್ಕೆ ಚಡ್ಡಿಯಲ್ಲಿ ಅಂಗಳಕ್ಕೆ ಓಡುವ ಮಗುವಿಗೆ ಅಜ್ಜಿ ಟೊಪ್ಪಿ ಹಾಕುತ್ತಾರೆ, ಮಗು ಕಿತ್ತು ಜಗಲಿಗೆ ಎಸೆಯುತ್ತದೆ. ‘ಥಂಡಿ ಆಗುತ್ತದೆ ಮಗಾ’ ಎಂದು ಅವರು, ‘ಸೆಕೆ ಅಜ್ಜಿ’ ಎಂದು ಇದು. ಇಬ್ಬರೂ ಹೇಳುವುದು ಸತ್ಯ. ಓಡಾಡುವ ಮಗು ಕುಳಿತವರಿಗಿಂತ ಎಷ್ಟೋ ಪಾಲು ಹೆಚ್ಚು ಶಾಖ ಹುಟ್ಟಿಸುತ್ತಿರುತ್ತದೆ. ವಯಸ್ಸಾದವರಲ್ಲಿ ಸ್ನಾಯು ಕಡಿಮೆ, ಶಾಖದ ಉತ್ಪತ್ತಿ ಕಡಿಮೆ, ಚರ್ಮದ ರಕ್ತನಾಳಗಳನ್ನು ಬಿಗಿದು ಶಾಖ ಉಳಿಸುವ ಶಕ್ತಿಯೂ ಕುಗ್ಗಿರುತ್ತದೆ. ಕೈಕೂಸಿನ ವಿಷಯ ಬಂದಾಗ ಮಾತ್ರ ಅಜ್ಜಿಯ ಮಾತು ಕೇಳಬೇಕು: ಶಿಶುವಿನ ಮೈ ಅದರ ತೂಕಕ್ಕೆ ಹೋಲಿಸಿದರೆ ದೊಡ್ಡದು, ಶಾಖ ಬೇಗ ಸೋರಿಹೋಗುತ್ತದೆ. ಆದರೆ ಹಗಲು ಹತ್ತಾದ ಮೇಲೂ ಅದೇ ಟೊಪ್ಪಿ, ಅದೇ ಉಣ್ಣೆಯ ಅಂಗಿ ಉಳಿದರೆ ಅದು ತಪ್ಪು. ಬೆವರುಸಾಲೆ ಡಿಸೆಂಬರಿನಲ್ಲೂ ಬರುತ್ತದೆ.

ಲಡಾಖಿನಂಥ ಗಡಿಯಲ್ಲಿ ಸೇವೆ ಮುಗಿಸಿ ಬರುವ ಯೋಧರ ವಿಷಯದಲ್ಲಿ ಇನ್ನೊಂದು ಅಂಶ ಸೇರುತ್ತದೆ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಾಳಿ ಸಮುದ್ರಮಟ್ಟದ ಗಾಳಿಯ ಮೂರನೇ ಎರಡು ಪಾಲಿನಷ್ಟೇ ದಟ್ಟ. ಕೆಳಗೆ ಬಂದಾಗ ಉಸಿರು ಹಗುರಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ಸೆಕೆ ಮಾತ್ರ ಉಳಿದವರಿಗೆ ಕಾಡಿದ ಹಾಗೆಯೇ ಕಾಡುತ್ತದೆ.

ಚಳಿಯ ನಾಡಿನಿಂದ ಬಂದವರು ನೀರು ಕುಡಿಯುವುದನ್ನು ಹೊಸದಾಗಿ ರೂಢಿಸಿಕೊಳ್ಳಬೇಕು. ಚಳಿಯಲ್ಲಿ ಬಾಯಾರಿಕೆಯೇ ಕಡಿಮೆ. ಆ ಅಭ್ಯಾಸ ಹೊತ್ತು ಬಂದವರಿಗೆ ಮೊದಲ ವಾರ ತಲೆನೋವು, ಸ್ನಾಯುಸೆಳೆತ ಸಾಮಾನ್ಯ. ಉಪ್ಪು ಹಾಕಿದ ಗಂಜಿತಿಳಿ, ಮಜ್ಜಿಗೆ, ಬೊಂಡ (ಎಳನೀರು) ಇವುಗಳಷ್ಟು ಒಳ್ಳೆಯ ಪಾನೀಯ ನನಗೆ ಗೊತ್ತಿಲ್ಲ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರು ಉಪ್ಪಿನ ವಿಷಯವನ್ನೂ ಬೊಂಡದ ವಿಷಯವನ್ನೂ ವೈದ್ಯರಲ್ಲಿ ಕೇಳಿಕೊಳ್ಳಬೇಕು. ಬಿಸಿಲಿನ ಬಗ್ಗೆ ಎರಡು ಮಾತು ಒಟ್ಟಿಗೆ ಹೇಳಬೇಕಾಗಿದೆ. 50 ಡಿಗ್ರಿ ಅಕ್ಷಾಂಶದ ಚಳಿಗಾಲದ ಬಿಸಿಲಿನಲ್ಲಿ ಚರ್ಮ ವಿಟಮಿನ್ ಡಿ ತಯಾರಿಸಲಾರದು. ಇಲ್ಲಿ ವರ್ಷವಿಡೀ ತಯಾರಿಸಬಲ್ಲದು. ಅಲ್ಲಿ ಹಗಲು ಕುಗ್ಗಿದಂತೆ ಕೆಲವರ ಮನಸ್ಸಿಗೆ ಕವಿಯುವ ಮಂಕುತನವನ್ನು 1984ರಲ್ಲಿ ನಾರ್ಮನ್ ರೊಸೆಂತಾಲ್ ಮತ್ತು ಸಂಗಡಿಗರು ಒಂದು ಪ್ರತ್ಯೇಕ ಸಮಸ್ಯೆಯೆಂದು ವಿವರಿಸಿದರು. ಇಲ್ಲಿನ ಹನ್ನೊಂದೂವರೆ ಗಂಟೆಯ ಹಗಲು ಅಂಥವರಿಗೆ ದೊಡ್ಡ ಉಪಕಾರ. ಆದರೆ ಅದೇ ಬಿಸಿಲು ನಡುಹಗಲಲ್ಲಿ ಚರ್ಮ ಸುಡಬಲ್ಲದು. ‘ಚಳಿಗಾಲವಲ್ಲವೇ’ ಎಂದು ಬೇಕಲದ ಕಡಲತೀರದಲ್ಲಿ ಮಕ್ಕಳನ್ನು ಮಧ್ಯಾಹ್ನವಿಡೀ ಬಿಡಬಾರದು.

ಬಟ್ಟೆಗೆ ಇಲ್ಲಿ ಬೇಕಾದದ್ದು ಬೇಗ ಹಾಕಿ ಬೇಗ ತೆಗೆಯುವಂಥವು. ಒಂದು ದಪ್ಪ ಸ್ವೆಟರಿನ ಬದಲು ತೆಳುವಾದ ಎರಡು ಹತ್ತಿ ಪದರ, ಕಿವಿ ಮುಚ್ಚುವ ಒಂದು ಬಟ್ಟೆ, ಮನೆಯೊಳಗೆ ಚಪ್ಪಲಿ, ಬೆಳಗಿನ ಜಾವ ಎಳೆದುಕೊಳ್ಳಲು ಕಾಲಬುಡದಲ್ಲೊಂದು ಹೊದಿಕೆ. ಮಲಗುವಾಗ ಸೆಕೆಯೆಂದು ಹಾಕಿದ ಫ್ಯಾನು ಮೂರು ಗಂಟೆಗೆ ಶತ್ರುವಾಗುತ್ತದೆ. ತಾನಾಗಿ ನಿಲ್ಲುವ ಟೈಮರ್ ಇದ್ದರೆ ಎಚ್ಚರವಾಗುವುದು ತಪ್ಪುತ್ತದೆ. ಸ್ನಾನಕ್ಕೆ ಬಚ್ಚಲುಮನೆಯ ಹಂಡೆಯ ನೀರಿಗಿಂತ ಮಿಗಿಲಾದದ್ದಿಲ್ಲ, ಆದರೆ ತಲೆ ಒರೆಸಿ ಒಣಗಿಸಿಯೇ ಹೊರಗೆ ಬರಬೇಕು. ಅಲ್ಲಿಂದ ತಂದ ಗರಿಯ ಜಾಕೆಟ್, ಉಣ್ಣೆಯ ಕೋಟು, ಚರ್ಮದ ಬೂಟುಗಳನ್ನು ಕಪಾಟಿನಲ್ಲಿಟ್ಟು ಮರೆತರೆ ಜೂನ್‌ನಿಂದ ಸೆಪ್ಟೆಂಬರಿನ ಮಳೆಗಾಲದಲ್ಲಿ ಬೂಷ್ಟು ಹಿಡಿದು ಹಾಳಾಗುತ್ತವೆ. ಮೂಡಣ ಗಾಳಿ ಬೀಸುವ ಈ ತಿಂಗಳುಗಳಲ್ಲಿ ಅವನ್ನು ಬಿಸಿಲಿಗೆ ಹರಡಿ, ಗಾಳಿಯಾಡದ ಚೀಲದಲ್ಲಿ ಕಟ್ಟಿಡಿ; ಇನ್ನು ಬೇಡವೆಂದಾದರೆ ಆ ಕಡೆ ಓದಲು ಹೊರಟ ಊರಿನ ಮಕ್ಕಳಿಗೆ ಕೊಡಿ.

ಊರಿಗೆ ಮರಳುವ ತಿಂಗಳನ್ನು ಆರಿಸಿಕೊಳ್ಳುವ ಅವಕಾಶ ಇರುವವರು ನವೆಂಬರ್ ಕೊನೆಯಿಂದ ಜನವರಿಯ ನಡುವೆ ಬರುವುದು ಒಳ್ಳೆಯದು. ಆಗ ಮಧ್ಯಾಹ್ನದ ಗಾಳಿ ಒಣಗಿರುವುದರಿಂದ ಬೆವರು ಆರುತ್ತದೆ, ರಾತ್ರಿ ಮೈಗೆ ವಿಶ್ರಾಂತಿ ಸಿಗುತ್ತದೆ. ಶಿವರಾತ್ರಿಯ ಹೊತ್ತಿಗೆ ಮೂಡಣ ಗಾಳಿ ಸೋತು ಕಡಲಗಾಳಿ ಮೇಲುಗೈಯಾಗುತ್ತದೆ, ಅದರ ಜೊತೆ ತೇವವೂ ಬರುತ್ತದೆ. ಏಪ್ರಿಲಿನ ಕೊನೆಯ ವಾರದಲ್ಲಿ ಸೂರ್ಯ ಕಾಸರಗೋಡಿನ ನೆತ್ತಿಯ ಮೇಲೆಯೇ ಇರುತ್ತಾನೆ. ಗಾಳಿಯಲ್ಲಿ ತೇವ ತುಂಬಿದ ಆ ದಿನಗಳಲ್ಲಿ ಬೆವರು ಆರದೆ ಮೈಮೇಲೆಯೇ ಹರಿಯುತ್ತದೆ. ಡಿಸೆಂಬರಿನಲ್ಲಿ ಬಂದವರಿಗೆ ಅಷ್ಟರಲ್ಲಿ ಮೈ ಪಳಗಿರುತ್ತದೆ. ಹಿಮದಿಂದ ನೇರ ಮಾರ್ಚ್–ಏಪ್ರಿಲಿಗೆ ಬಂದಿಳಿಯುವವರು ಮೊದಲ ಎರಡು ವಾರ ತೋಟದ ಕೆಲಸ, ಮದುವೆಮನೆಯ ಓಡಾಟ ಯಾವುದನ್ನೂ ನಡುಹಗಲಿಗೆ ಇಟ್ಟುಕೊಳ್ಳಬಾರದು.